ಊರು ಕೊಟ್ಟವರು

ಮುದಕಪ್ಪನ ಮನೆಯಲ್ಲಿ ಒಗಟು ಬಿಡಿಸದೆ ರೊಟ್ಟಿ ಮುರಿಯುವಂತಿರಲಿಲ್ಲ. ಅದು ಅವನೇ ಮಾಡಿದ ನೇಮ. ಕೆರೂರಿನ ಕುರುಬರ ಓಣಿಯಲ್ಲಿ ಉಳಿದವರೆಲ್ಲ ಹಸಿದಾಗ ಉಣ್ಣುತ್ತಿದ್ದರು.

ಹರೆಯದಲ್ಲಿ ಮುದಕಪ್ಪ ಬೀರಪ್ಪನ ಡೊಳ್ಳಿನ ಮೇಳದಲ್ಲಿ ಹಾಡಿದವನು. ಎದುರು ಮೇಳದವರು ಪದದೊಳಗೆ ಒಂದು ಪ್ರಶ್ನೆ ಕಟ್ಟಿ ಎಸೆದರೆ ಇವನು ಪದದೊಳಗೇ ಅದನ್ನು ಬಿಡಿಸಿ ತಿರುಗಿ ಎಸೆಯುತ್ತಿದ್ದ. ಈಗ ದನಿ ಒಡೆದಿತ್ತು. ಡೊಳ್ಳು ಗೂಟಕ್ಕೆ ತೂಗುಬಿದ್ದಿತ್ತು. ಹಗಲೆಲ್ಲ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕಂಬಳಿ ನೇಯುವನು, ಊಟಕ್ಕೆ ಕೂತಾಗ ಒಗಟು ಹಾಕುವನು. ಬಿಡಿಸಲಾರದವರು ಒಂದು ಊರು ಕೊಡಬೇಕು. 'ಕಲಾದಗಿ ಕೊಟ್ಟೆ' ಎಂದರೆ ಕಲಾದಗಿ ಒಗಟು ಹಾಕಿದವರದಾಯಿತು. ಊರು ತೆಗೆದುಕೊಂಡ ಮೇಲೆ ಅವರು ಉತ್ತರ ಹೇಳಲೇಬೇಕು. ಹೇಳದಿದ್ದರೆ ಅದು ಮೋಸ.

"ತಾಯಿ ಹುಳಿ, ಮಗ ಸಪ್ಪಗ, ಮೊಮ್ಮಗ ಕಂಬಳಿ ಹೊತಗೊಂಡು ಕುಂತಾನ," ಎಂದ ಮುದಕಪ್ಪ ಒಂದು ಮಧ್ಯಾಹ್ನ. "ಬಿಡಸ್ರಿ."

ಸೊಸೆ ಹನಮವ್ವ ಒಲೆಯ ಮುಂದಿದ್ದಳು. ಹೆಂಚಿನ ಮೇಲಿನ ರೊಟ್ಟಿ ತಿರುವುತ್ತಲೇ, "ಹುಣಸಿಹಣ್ಣು, ಹುಣಸಿಬೀಜ, ಬೀಜದ ಗಂಜಿ ರೀ ಮಾವಾ. ಮುಂಜಾನಿಂದ ಕಂಬಳಿಗೆ ಅದನ್ನ ತಿಕ್ಕಿ ನನ್ನ ಕೈ ಇನ್ನೂ ನಾರತಾವು," ಎಂದಳು.

"ಹಂಗಾರ ನೀ ಹಾಕು."

"ಹಗಲೆಲ್ಲ ಕಾಲು ಹುಗದಿರತಾನ. ಕುಂತಲ್ಲೆ ದಿನಕ್ಕ ಎರಡು ಮೊಳ ನಡೀತಾನ. ಯಾರು?"

ಮುದಕಪ್ಪ ಗಡ್ಡ ಕೆರೆದುಕೊಂಡ. ಗಿಡ ಅಂದ, ಅಲ್ಲ. ಬಳ್ಳಿ ಅಂದ, ಅಲ್ಲ. ಹೆಂಡತಿ ಲಗಮವ್ವ, "ರೊಟ್ಟಿ ತಣ್ಣಗಾಗ್ಲಿಕತ್ತಾವು," ಎಂದು ಎರಡು ಸಲ ಹೇಳಿದಳು.

"ಬಾದಾಮಿ ಕೊಟ್ಟೆ," ಎಂದ ಕಡೆಗೆ.

"ನೀವ ರೀ ಮಾವಾ. ಮಗ್ಗದ ಕುಣ್ಯಾಗ."

ಮುದಕಪ್ಪ ಕೆಮ್ಮು ಬರುವಷ್ಟು ನಕ್ಕ. ಸೋತಾಗಲೇ ಅವನಿಗೆ ಹೆಚ್ಚು ಖುಷಿ. "ಬಾದಾಮಿ ಹೋತು. ಹೋಗ್ಲಿ. ಖರೆ ಒಗಟಿಗೆ ಕೊಟ್ಟೇನಿ."

ಮಗ ಹುಲ್ಲಪ್ಪನಿಗೆ ಈ ವಿದ್ಯೆ ಬರುತ್ತಿರಲಿಲ್ಲ. ಇಪ್ಪತ್ತಮೂರು ವರ್ಷದ ಗಟ್ಟಿ ಆಳು, ಮಾತು ಕಡಿಮೆ. ಅವನು ಒಗಟು ಕೇಳುವ ಮೊದಲೇ ಊರು ಕೊಟ್ಟು ತಟ್ಟೆ ಎಳೆದುಕೊಳ್ಳುತ್ತಿದ್ದ.

"ಕಲಾದಗಿ ಕೊಟ್ಟೆ. ರೊಟ್ಟಿ ನೀಡು."

"ಕಲಾದಗಿ ಮೊನ್ನೆ ಕೊಟ್ಟೀರಿ," ಎಂದಳು ಹನಮವ್ವ.

"ಹಂಗಾರ ಇಳಕಲ್ಲ."

"ಅದೂ ನಂದ."

"ಕೆರೂರ ತಗೋ, ಮುಗೀತು."

ಮೂಲೆಯಲ್ಲಿ ಉಣ್ಣೆ ನೂಲುತ್ತ ಕೂತಿದ್ದ ರಾಮವ್ವ ತಲೆ ಎತ್ತಿದಳು. ಅವಳು ಮುದಕಪ್ಪನ ಅಕ್ಕ. ಗಂಡ ಸತ್ತು ತವರಿಗೆ ಬಂದು ಮೂವತ್ತು ವರ್ಷವಾಗಿತ್ತು. ಕಣ್ಣು ಮಂಜಾಗಿದ್ದವು, ದನಿ ಮಾತ್ರ ಓಣಿಯ ತುದಿಗೆ ಕೇಳುತ್ತಿತ್ತು. "ಹುಲ್ಲಪ್ಪಾ, ಇರೂ ಊರು ಕೊಡಬಾರದೋ. ಅದನ್ನ ಕೊಟ್ಟು ಎಲ್ಲಿ ಇರತಿ?"

ಆ ಮನೆಯಲ್ಲಿ ಹುಲ್ಲಪ್ಪನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಇಬ್ಬರೇ, ಮುದಕಪ್ಪ ಮತ್ತು ರಾಮವ್ವ. ಹೆಂಡತಿ ಗಂಡನ ಹೆಸರು ಹೇಳಬಾರದು, ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ಆದ್ದರಿಂದ ಹನಮವ್ವ ಹೇಳುತ್ತಿರಲಿಲ್ಲ. ಮುದಕಪ್ಪ ಮಗನಿಗೆ ತನ್ನ ತಂದೆಯ ಹೆಸರಿಟ್ಟಿದ್ದ. ಮಾವನ ಹೆಸರು ಸೊಸೆ ಹೇಳಬಾರದು. ಆದ್ದರಿಂದ ಲಗಮವ್ವನೂ ಹೆತ್ತ ಮಗನ ಹೆಸರನ್ನು ಒಮ್ಮೆಯೂ ಹೇಳಿರಲಿಲ್ಲ. ತೊಟ್ಟಿಲಿನಿಂದ ಇವತ್ತಿನವರೆಗೆ 'ತಮ್ಮಾ' ಎಂದೇ ಕರೆದಿದ್ದಳು.

ಹೆಸರು ಹೇಳಲೇಬೇಕಾದ ಒಂದು ಜಾಗ ಇತ್ತು. ಮದುವೆಯಲ್ಲಿ ಹೊಸ ಮದುಮಗಳನ್ನು ಹೊಸ್ತಿಲಲ್ಲಿ ನಿಲ್ಲಿಸಿ ಹೆಂಗಸರು ಗಂಡನ ಹೆಸರು ಕೇಳುತ್ತಾರೆ. ಅವಳು ಅದನ್ನು ಒಂದು ಒಡಪಿನಲ್ಲಿ ಮುಚ್ಚಿಟ್ಟು ಹೇಳಬೇಕು. ಕೇಳಿದವರು ಬಿಡಿಸಿಕೊಳ್ಳಬೇಕು. ಹನಮವ್ವನಿಗೆ ಗಂಡನ ಹೆಸರಿಗೆ ಇಪ್ಪತ್ತು ಒಡಪು ಗೊತ್ತಿದ್ದವು, ಎಲ್ಲ ಅವಳೇ ಕಟ್ಟಿದವು. ಹುಲ್ಲಪ್ಪನಿಗೆ ಅವುಗಳಲ್ಲಿ ಒಂದರಲ್ಲೂ ತನ್ನ ಹೆಸರು ಸಿಕ್ಕಿರಲಿಲ್ಲ. "ಇದರಾಗ ನಾ ಎಲ್ಲಿ ಅದೇನಿ?" ಎಂದು ಕೇಳುತ್ತಿದ್ದ. ಅವಳು ಬಿಡಿಸಿ ಹೇಳಿದರೆ, "ಇನ್ನೊಂದು ಹೇಳು," ಎನ್ನುತ್ತಿದ್ದ.

ಮದುವೆ ಕಾಲ ಬಂದರೆ ಓಣಿಯ ಹುಡುಗಿಯರು ಹನಮವ್ವನ ಹತ್ತಿರ ಒಡಪು ಕಟ್ಟಿಸಿಕೊಳ್ಳಲು ಬರುತ್ತಿದ್ದರು. ಅವರ ತಾಯಂದಿರು ಅರ್ಧ ಕೊಬ್ಬರಿ, ಒಂದು ಗುಳೇದಗುಡ್ಡದ ಖಣ ಕೊಟ್ಟು ಹೋಗುತ್ತಿದ್ದರು. ಖಣ ಲಗಮವ್ವನ ಪೆಟ್ಟಿಗೆಗೆ ಹೋಗುತ್ತಿತ್ತು. ಆದರೂ ಅವಳ ಮುಖ ಸಡಿಲಾಗುತ್ತಿರಲಿಲ್ಲ. "ಉಣ್ಣಿ ಹಿಂಜೂದು ಬಿಟ್ಟು ಮಂದಿ ಗಂಡಂದಿರ ಹೆಸರು ಹಿಂಜತಾಳ," ಎನ್ನುತ್ತಿದ್ದಳು.

ಜಗಳ ಹತ್ತಿದ್ದು ನೆರೆಮನೆಯ ಪದ್ಮವ್ವನ ಮಗಳ ಮದುವೆಯಲ್ಲಿ. ಹೆಂಗಸರು ಹಿರಿಯಳೆಂದು ಲಗಮವ್ವನನ್ನೂ ಹಿಡಿದು ನಿಲ್ಲಿಸಿ, "ನೀವೂ ಮುದಕಪ್ಪಗೌಡರ ಹೆಸರು ಹೇಳ್ರಿ," ಎಂದರು. ಅವಳಿಗೆ ಬರುತ್ತಿದ್ದದ್ದು ಒಂದೇ ಒಡಪು, ತನ್ನ ಮದುವೆಯದು. ಎರಡು ಸಾಲು ಹೇಳಿ ಮರೆತಳು. ಸುಮ್ಮನೆ ನಿಂತಳು. ಆಗ ಹಿಂದಿನಿಂದ ಹನಮವ್ವ ಮೂರನೆಯ ಸಾಲು, ನಾಲ್ಕನೆಯ ಸಾಲು ಹೇಳಿ ಮುಗಿಸಿದಳು. ಮರೆತದ್ದಕ್ಕಿಂತ ಚೆನ್ನಾಗಿಯೇ ಇತ್ತು. ಹಂದರವೆಲ್ಲ ನಕ್ಕಿತು.

"ನನ್ನ ಗಂಡನ ಹೆಸರು ನೀ ಕಟ್ಟಿ ಕೊಡತೀ?" ಮನೆಗೆ ಬಂದ ಮೇಲೆ ಲಗಮವ್ವ ಕೇಳಿದಳು.

"ನೀವು ನಿಂತಬಿಟ್ರಿ ಅತ್ತಿ. ಅದಕ್ಕ."

"ನಿಂತ್ರ ನಿಂತೆ. ನಾಕು ಮಂದ್ಯಾಗ ನನ್ನ ಬಾಯಿ ನೀ ಯಾಕ ಆದಿ?"

"ತಪ್ಪಾತು ರೀ."

"ತಪ್ಪಾತು ಅನ್ನೂದೂ ನಿನಗ ಆಟನ. ಇನ್ನ ಮ್ಯಾಲ ಈ ಮನ್ಯಾಗ ಒಗಟು ಇಲ್ಲ, ಒಡಪು ಇಲ್ಲ. ಮಳಿಗಾಲದ ಕಂಬಳಿ ಮುಗದು ಪ್ಯಾಟಿಗೆ ಹೋಗೂತನಕ ಯಾರೂ ಬಾಯಿ ಬಿಡಬ್ಯಾಡ್ರಿ."

ಮುದಕಪ್ಪ ಏನೋ ಹೇಳಹೋದ. "ನೀವೂ," ಎಂದಳು ಲಗಮವ್ವ.

ಆಮೇಲೆ ನಾಲ್ಕು ವಾರ ಆ ಮನೆಯಲ್ಲಿ ಬರಿಯ ಊಟ ನಡೆಯಿತು. ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಮುದಕಪ್ಪ ತಟ್ಟೆ ನೋಡುತ್ತ ಉಂಡು ಏಳುತ್ತಿದ್ದ. ಹನಮವ್ವ ದಿನಕ್ಕೆ ಎರಡು ಪಟ್ಟು ಉಣ್ಣೆ ಹಿಂಜಿದಳು. ಕಂಬಳಿಗಳು ಬೇಗ ಬೇಗ ಇಳಿದವು. ಆಟ ನಿಂತದ್ದು ಹೆಚ್ಚು ಕಾಡಿದ್ದು ಹುಲ್ಲಪ್ಪನಿಗೆ. ಎಂದೂ ಆಡದವನು ಒಂದು ದಿನ ತಾಯಿ ಹೆಂಡತಿ ಇಬ್ಬರ ಮುಂದೆಯೂ, "ರೊಟ್ಟಿಗೆ ರುಚಿನ ಇಲ್ಲದಂಗಾಗೈತಿ," ಎಂದ.

"ಉಪ್ಪು ಹಚ್ಚಿಕೋ ತಮ್ಮಾ," ಎಂದಳು ಲಗಮವ್ವ.

ಶ್ರಾವಣದ ಮೊದಲ ವಾರ ಹದಿನಾಲ್ಕು ಕಂಬಳಿ ತಯಾರಾದವು. ಮುದಕಪ್ಪನ ಕಾಲಲ್ಲಿ ನಾರುಹುಣ್ಣು ಎದ್ದಿತ್ತು. ಹುಣ್ಣಿನಿಂದ ಹೊರಬಂದ ಹುಳುವನ್ನು ಒಂದು ಕಡ್ಡಿಗೆ ಸುತ್ತಿಕೊಂಡು, ದಿನಕ್ಕೆ ಒಂದು ಸುತ್ತು ಎಳೆಯುತ್ತ, ಕಾಲು ಮಣೆಯ ಮೇಲಿಟ್ಟು ಕೂತಿದ್ದ. ಆದ್ದರಿಂದ ಬಾಗಲಕೋಟೆ ಪೇಟೆಗೆ ಹುಲ್ಲಪ್ಪ ಒಬ್ಬನೇ ಹೊರಟ. ಓಣಿಯ ದುರ್ಗಪ್ಪನ ಗಾಡಿ ಹೊರಗೆ ನಿಂತಿತ್ತು. ಕಂಬಳಿ ಗಂಟು ಹೊತ್ತು ಹೊಸ್ತಿಲಲ್ಲಿ ನಿಂತ ಹುಲ್ಲಪ್ಪ ಹೆಂಡತಿಗೆ ಮೆಲ್ಲಗೆ ಹೇಳಿದ:

"ನಾ ಒಂದು ಒಗಟು ಕಟ್ಟೇನಿ."

"ನೀವು?"

"ಹದಿನೈದು ದಿನ ಹಿಡೀತು. ಕೇಳು. ಹೋಗೂಮುಂದ ಭಾರ, ಬರೂಮುಂದ ಹಗುರ. ಮನ್ಯಾಗ ಇದ್ರ ಮೂಕ, ದಾರ್ಯಾಗ ಮಾತಾಡತೈತಿ. ಏನದು?"

"ಕಂಬಳಿ ಗಂಟು."

"ಗಂಟು ಮಾತಾಡತೈತೇನು?"

"ಕಾಲಮರಿ. ಮೆಟ್ಟಿಕೊಂಡು ನಡದ್ರ ದಾರ್ಯಾಗ ಕಿರ್ ಅಂತಾವು."

"ಅವು ಭಾರ ಯಾಕ ಆಗತಾವು?" ಹುಲ್ಲಪ್ಪನ ಮುಖ ಅರಳಿತು. ಮದುವೆಯಾದ ಎರಡು ವರ್ಷದಲ್ಲಿ ಮೊದಲ ಸಲ ಅವಳು ತಪ್ಪಿದ್ದಳು. "ಬರೂದ್ರೊಳಗ ಬಿಡಸು. ಇಲ್ಲಂದ್ರ ಬಾದಾಮಿ ನಂದು."

"ಉತ್ತರ ಐತೋ ಇಲ್ಲೋ?"

"ಐತಿ ಐತಿ," ಎಂದು ನಗುತ್ತ ಗಾಡಿ ಹತ್ತಿದ.

ಆರನೆಯ ದಿನ ದುರ್ಗಪ್ಪ ಒಬ್ಬನೇ ಬಂದ. ಅಂಗಳದಾಚೆಯೇ ನಿಂತು ಹೇಳಿದ. ಬಾಗಲಕೋಟೆಯಲ್ಲಿ ಪ್ಲೇಗು ಮತ್ತೆ ಹತ್ತಿತ್ತು. ಹುಲ್ಲಪ್ಪ ಇಳಿದುಕೊಂಡಿದ್ದ ಅಂಗಡಿ ಸಾಲಿನಲ್ಲಿ ಇಲಿ ಸತ್ತು ಬಿದ್ದಿದ್ದವು. ಹುಲ್ಲಪ್ಪನಿಗೆ ಜ್ವರ ಬಂದಿತ್ತು. ಸರಕಾರದವರು ಆ ಸಾಲಿನವರನ್ನೆಲ್ಲ ಹಿಡಿದು ಊರ ಹೊರಗಿನ ಗುಡಿಸಲುಗಳಲ್ಲಿ ಇಟ್ಟಿದ್ದರು.

"ಮಂದಿ ಹೋಗಿ ಬೇಲಿ ಹೊರಗ ನಿಂತು ಮಾತಾಡಿಸ್ಯಾರ. ನೀರು, ಗಂಜಿ ಕೊಟ್ಟು ಬಂದಾರ," ಎಂದ ದುರ್ಗಪ್ಪ. "ಮನೀ ಮಂದಿ ಬಂದ್ರ ಒಳಗಿನವರ ಜೀವಕ್ಕ ಒಂದಿಷ್ಟು ಧೈರ್ಯ ಇರತೈತಿ. ನಾಳೆ ಗಾಡಿ ಹೊಡೀತೇನಿ. ಆದ್ರ ಬೇಲಿತನಕ ನಾ ಬರೂದಿಲ್ಲ. ಮೂರು ಮಕ್ಕಳದಾವು."

ಮುದಕಪ್ಪನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. "ನೀವಿಬ್ಬರು ಹೋಗ್ರಿ," ಎಂದ ಹೆಂಡತಿಗೂ ಸೊಸೆಗೂ. "ಅಕ್ಕನ್ನೂ ಕರಕೊಂಡು ಹೋಗ್ರಿ. ಸರಕಾರದವರ ಮುಂದ ಮಾತಾಡಾಕ ಒಬ್ಬರು ಬೇಕು. ಆಕಿಗೆ ಬಾಯಿ ಐತಿ."

ರಾಮವ್ವ ಆಗಲೇ ಸೀರೆ ಗಂಟು ಕಟ್ಟುತ್ತಿದ್ದಳು.

"ಬ್ಯಾಡ," ಎಂದಳು ಲಗಮವ್ವ.

"ಯಾಕ?"

"ಜೀವ ಉಳಸಾಕ ಹೊಂಟೇವಿ. ಮುಂದ ರಂಡಿಮುಂಡಿ ಮಾರಿ ಇಟ್ಟಕೊಂಡು ಹೋಗಂತೀರೇನು?"

ರಾಮವ್ವ ಕಟ್ಟಿದ ಗಂಟು ಬಿಚ್ಚಿ ರಾಟಿಯ ಮುಂದೆ ಕೂತಳು. "ಹೋಗಿ ಬರ್ರಿ," ಎಂದಳು. "ಹುಲ್ಲಪ್ಪಗ ನಾ ಕೇಳೇನಂತ ಹೇಳ್ರಿ." ಹೇಳಿದ ಮೇಲೆ ಅವರು ಆ ಹೆಸರು ಹೇಳಲಾರರೆಂದು ನೆನಪಾಯಿತೋ ಏನೋ, "ಅವನಿಗೆ," ಎಂದು ತಿದ್ದಿಕೊಂಡಳು.

ಮರುದಿನ ಮೂರನೆಯ ಪ್ರಹರಕ್ಕೆ ಅತ್ತೆ ಸೊಸೆ ಬೇಲಿಯ ಹತ್ತಿರ ಬಂದರು. ದುರ್ಗಪ್ಪ ಗಾಡಿಯನ್ನು ಅರ್ಧ ಹರದಾರಿ ಹಿಂದೆಯೇ ನಿಲ್ಲಿಸಿದ್ದ. ಬಿದಿರ ಬೇಲಿ, ಒಳಗೆ ತಟ್ಟಿಯ ಗುಡಿಸಲುಗಳು, ನೆಲಕ್ಕೆಲ್ಲ ಸುಣ್ಣ ಉಗ್ಗಿದ್ದರು. ಗೇಟಿನ ಪಕ್ಕ ಒಂದು ಮೇಜು ಹಾಕಿಕೊಂಡು ಕಾರಕೂನ ಕೂತಿದ್ದ. ಪುಣೆ ಕಡೆಯವನು, ಕನ್ನಡ ಕಲಿತು ಮಾತಾಡುತ್ತಿದ್ದ. ಜೊತೆಗೆ ಮೀರಾಸಾಬ ಎಂಬ ಸಿಪಾಯಿ, ಬಾದಾಮಿಯವನು. ಪದ್ಧತಿ ಸರಳವಾಗಿತ್ತು. ಕಾರಕೂನ ಪಟ್ಟಿಯಲ್ಲಿ ಹೆಸರು ನೋಡಿ ಗುಡಿಸಲಿನ ನಂಬರು ಹೇಳುವನು. ಮೀರಾಸಾಬ ಬೇಲಿಗೆ ಹೋಗಿ ಹೆಸರು ಕೂಗುವನು. ಏಳಲು ತ್ರಾಣ ಇದ್ದವರು ಹೊರಬಂದು ಹತ್ತು ಮಾರು ದೂರ ನಿಂತು ಮಾತಾಡಬಹುದು. ಸಂಜೆ ಡಾಕ್ಟರರ ಟಾಂಗಾ ಬಂದರೆ ಗೇಟು ಮುಚ್ಚುವುದು.

"ಯಾರನ್ನು ನೋಡಬೇಕು?" ಕಾರಕೂನ ಕೇಳಿದ.

"ನನ್ನ ಮಗನ್ನ ರೀ," ಎಂದಳು ಲಗಮವ್ವ.

"ಹೆಸರು?"

ಲಗಮವ್ವ ಸೊಸೆಯನ್ನು ನೋಡಿದಳು. ಸೊಸೆ ನೆಲ ನೋಡಿದಳು.

"ತಮ್ಮಾ ಅಂತೇನಿ ರೀ."

"ಅದು ಮನೆಯೊಳಗೆ. ಬರೆಸಿದ ಹೆಸರು ಬೇಕು."

"ಅದು ನಮ್ಮ ಮಾವನ ಹೆಸರು ರೀ. ನಾ ಹೇಳಬಾರದು."

"ನೀನು ಹೇಳು ಬಾಯಿ."

"ಅಕಿ ಹೇಂತಿ ರೀ."

"ಹಾಗಾದರೆ ಅವನ ತಂದೆಯ ಹೆಸರು ಹೇಳು."

"ಅವರು ನನ್ನ ಗಂಡ ರೀ."

ಮೀರಾಸಾಬ ಮೀಸೆಯಲ್ಲಿ ನಕ್ಕ. "ರಾವಸಾಹೇಬ್ರ, ಮೂರೂ ಬಾಗಲಾ ಮುಚ್ಯಾವ್ರಿ."

"ನಮ್ಮದು ಕೆರೂರ ರೀ," ಎಂದಳು ಹನಮವ್ವ. ಪಟ್ಟಿಯಲ್ಲಿ ಊರು ಇರಲಿಲ್ಲ; ಹಿಡಿದು ತಂದ ಪೇಟೆಯ ಸಾಲು ಮಾತ್ರ ಬರೆದಿದ್ದರು. ಕಾರಕೂನ ಕೆಟ್ಟವನಲ್ಲ. ಬೆಳಗಿನಿಂದ ಅಳುವ ಮಂದಿಯನ್ನೇ ನೋಡಿದವನು ಬೆನ್ನು ಸಡಿಲು ಮಾಡಿ, "ನಮ್ಮ ಮನೆಯಲ್ಲೂ ಹೆಸರು ಹೇಳುವುದಿಲ್ಲ," ಎಂದ. "ಉಖಾಣೆ ಹೇಳುತ್ತಾರೆ. ನಿಮ್ಮಲ್ಲೂ ಇದೆಯಲ್ಲ? ಹೇಳು, ನಾವೇ ಬಿಡಿಸುತ್ತೇವೆ."

ಹನಮವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ಅವಳ ಇಪ್ಪತ್ತು ಒಡಪುಗಳಲ್ಲಿ ಹತ್ತನ್ನು ಮಕ್ಕಳೂ ಬಿಡಿಸುತ್ತಿದ್ದರು. ನಾಲ್ಕು ವಾರ ಬಾಯಿ ಕಟ್ಟಿಕೊಂಡಿದ್ದವಳಿಗೆ ಬಾಯಿಗೆ ಬಂದದ್ದು ಎಲ್ಲಕ್ಕಿಂತ ಬಿಗಿಯಾದದ್ದು, ಅವಳಿಗೆ ಎಲ್ಲಕ್ಕಿಂತ ಮೆಚ್ಚಾದದ್ದು:

"ಬಿತ್ತಿದವ್ರಿಲ್ಲ, ಕರದವ್ರಿಲ್ಲ, ಬರೂದು ಮಾತ್ರ ಬಿಟ್ಟಿಲ್ಲ. ತುಳದವ್ರಿಗೆ ಹಾಸಿಗಿ, ಕೊಯ್ದವ್ರಿಗೆ ಮಾಳಿಗಿ. ಅದರ ಬೆನ್ನಿಗೆ ನನ್ನ ಹಡದವನ್ನ ನಿಲ್ಲಿಸಿದ್ರ ನನ್ನ ಕೈ ಹಿಡದವರು."

ಕಾರಕೂನ ಲೇಖನಿ ಕೆಳಗಿಟ್ಟ. "ಹಡೆದವನು ಅಂದರೆ ಅಪ್ಪ. ಅದು ತಿಳಿಯಿತು. ಮೊದಲಿನದು ಏನು? ಧೂಳು?"

"ಧೂಳು ಯಾರು ಕೊಯ್ತಾರ್ರಿ?" ಎಂದ ಮೀರಾಸಾಬ.

"ಕಲ್ಲು. ಕಲ್ಲಿನ ಮಾಳಿಗೆ. ಕಲ್ಲಪ್ಪ." ಕಾರಕೂನ ಹಾಳೆ ತಿರುವಿದ. "ಇದ್ದಾನೆ. ನಾಲ್ಕನೆಯ ಗುಡಿಸಲು."

ಹನಮವ್ವ ತಲೆಯಾಡಿಸಿದಳು. ಅವಳ ತುಟಿಯ ತುದಿಯಲ್ಲಿ ಸಣ್ಣ ನಗು ಬಂತು. ಲಗಮವ್ವ ಅದನ್ನು ನೋಡಿದಳು.

"ಕಲ್ಲು ಕರೀದ ಬರತೈತೇನ್ರಿ?" ಮೀರಾಸಾಬ ಈಗ ಮೇಜಿಗೆ ಒರಗಿದ್ದ. "ಮಳಿ ಇರಬೇಕು. ಇನ್ನೊಮ್ಮೆ ಹೇಳವ್ವಾ."

ಅವಳು ಇನ್ನೊಮ್ಮೆ ಹೇಳಿದಳು. ಕಾರಕೂನ ಒಂದು ಚೀಟಿಯಲ್ಲಿ ಬರೆದುಕೊಂಡು ಮೊದಲಿನ ಸಾಲಿನಿಂದ ಯೋಚಿಸಿದ. ನೆರಳು ಎಂದ. ಮರಳು ಎಂದ. ಪ್ರತಿ ಸಲ ಅವಳು ಅಲ್ಲ ಎಂದಾಗ ಮೂವರಿಗೂ ಹುರುಪು ಬರುತ್ತಿತ್ತು. ಲಗಮವ್ವ ಸೊಸೆಯ ಸೆರಗು ಜಗ್ಗಿ, "ಹೊತ್ತಾತು," ಎಂದಳು. ಹನಮವ್ವನಿಗೆ ಎಚ್ಚರವಾಯಿತು.

"ಪಟ್ಟಿ ಓದ್ರಿ ಸಾಹೇಬ್ರ. ಅವರ ಹೆಸರು ಬಂದ್ರ ಕೈ ಎತ್ತತೇನಿ."

"ಅದೂ ಸರಿಯೇ," ಎಂದು ಕಾರಕೂನ ಓದತೊಡಗಿದ. ಖಾಸಿಂಸಾಬ. ಅಡಿವೆಪ್ಪ. ಗುಲಾಬಬಿ. ಕಲ್ಲಪ್ಪ. ಯಮನವ್ವ. ಪ್ರತಿ ಹೆಸರಿನ ನಂತರ ತಲೆಯೆತ್ತಿ ನೋಡುತ್ತಿದ್ದ. ಎರಡು ಹಾಳೆ ಮುಗಿದವು, ಮೂರನೆಯದು ಮುಗಿಯಿತು. ಇನ್ನೂ ನಾಲ್ಕು ಹಾಳೆ ಇದ್ದವು. ಆಗ ರಸ್ತೆಯ ಕಡೆಯಿಂದ ಟಾಂಗಾದ ಗೆಜ್ಜೆ ಕೇಳಿಸಿತು. ಕಾರಕೂನ ಪಗಡಿ ಇಟ್ಟುಕೊಂಡು ಎದ್ದು, ಪಟ್ಟಿ ಮುಚ್ಚಿದ.

"ನಾಳೆ ಮುಂಜಾನೆ," ಎಂದ.

"ಹು..." ಹನಮವ್ವ ಬಾಯಿ ತೆರೆದಳು.

ಲಗಮವ್ವ ಅಂಗೈಯಿಂದ ಅವಳ ಬಾಯಿ ಮುಚ್ಚಿದಳು. "ಬ್ಯಾಡ. ಒಳಗ ಜ್ವರದಾಗ ಬಿದ್ದಾನ. ಈಗ ನೀ ಹೆಸರು ತಗೊಂಡು ಅವನ ಆಯುಷ್ಯ ಕಡೀಬ್ಯಾಡ. ಒಂದು ರಾತ್ರಿ. ನಾಳೆ ಬರೂಣು."

ಹನಮವ್ವ ಆ ಕೈ ಬಿಡಿಸಿಕೊಂಡಳು. ಹೆಸರು ಹೇಳಲಿಲ್ಲ. ಗೇಟು ಎಳೆಯುತ್ತಿದ್ದ ಮೀರಾಸಾಬನ ಹಿಂದೆ ಓಡಿ, "ಎತ್ತು ತಿಂತೈತಿ, ಆಕಳು ತಿಂತೈತಿ. ಅದಕ್ಕ ಅಪ್ಪ ಹಚ್ರಿ," ಎಂದಳು.

"ಹುಲ್ಲಪ್ಪ," ಎಂದ ಮೀರಾಸಾಬ ತಕ್ಷಣ. ಒಂದು ಗಳಿಗೆ ಅವಳನ್ನೇ ನೋಡಿದ. "ಇದನ್ನ ಮೊದಲ ಹೇಳಬಾರದಿತ್ತೇನವ್ವಾ?" ಟಾಂಗಾ ಒಳಗೆ ಬಂದಿತ್ತು. "ಹನ್ನೊಂದನೇ ಗುಡಸಲ. ಮುಂಜಾನಿ ಮೊದಲ ಕೂಗು ಅವಂದ. ಹೋಗ್ರಿ ಈಗ."

ಮುಂಜಾನೆ ಅವರು ಎಲ್ಲರಿಗಿಂತ ಮೊದಲು ಬಂದು ಬೇಲಿಗೆ ನಿಂತರು. ಮೀರಾಸಾಬ ಬೇಲಿಗೆ ಹೋಗಿ ಕೂಗಲಿಲ್ಲ. ಗೇಟು ದಾಟಿ ಇವರ ಕಡೆಯೇ ನಡೆದು ಬಂದ. ಅವನು ಬರುವ ರೀತಿಯಲ್ಲೇ ಲಗಮವ್ವ ನೆಲಕ್ಕೆ ಕೂತಳು.

"ಹೊತ್ತು ಮೂಡೂ ಮೊದಲ," ಎಂದ. "ಹೆಣ ಕೊಡೂದಿಲ್ಲವ್ವಾ. ಸುಣ್ಣ ಹಾಕಿ ಮಣ್ಣು ಮಾಡ್ಯಾರ."

ಹನಮವ್ವ, "ನಿನ್ನೆ ಎದ್ದು ಬರೂ ಹಂಗ ಇದ್ರೇನು?" ಎಂದು ಕೇಳಿದಳು.

ಮೀರಾಸಾಬ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಹೆಸರು ಕೂಗಿದಾಗೊಮ್ಮೆ ಗುಡಸಲ ಬಾಗಲಿಗೆ ಬಂದು ಕುಂದರತಿದ್ದ. ಬ್ಯಾರೆಯವರ ಹೆಸರಿಗೂ. ಗೇಟು ಮುಚ್ಚಿದ ಮ್ಯಾಲ ಒಳಗ ಹೋದ."

ಕೆರೂರಿಗೆ ಬಂದ ಮೇಲೆ ಹನಮವ್ವನ ಬಳೆ ಒಡೆದರು. ಸೂತಕದ ದಿನಗಳಲ್ಲಿ ನೆರೆಯವರು ನುಚ್ಚು, ಸಾರು ತಂದು ಹೊಸ್ತಿಲಲ್ಲಿಟ್ಟು ದೂರ ಸರಿದರು. ಪ್ಲೇಗಿನ ಮನೆಯೆಂದು ಯಾರೂ ಒಳಗೆ ಬರಲಿಲ್ಲ. ಮನೆಯೊಳಗಿನವರು ನಾಲ್ಕು ಜನ ಒಬ್ಬರನ್ನೊಬ್ಬರು ನೋಡುತ್ತ ಉಳಿದರು.

"ಇಬ್ಬರು ಹೋಗಿ ಒಂದು ಹೆಸರು ಹೇಳಾಕಾಗಲಿಲ್ಲ," ಎಂದ ಮುದಕಪ್ಪ, ಒಂದು ದಿನವಲ್ಲ, ದಿನಾ.

ಲಗಮವ್ವ ಎಂಟು ದಿನ ಕೇಳಿದಳು. ಒಂಬತ್ತನೆಯ ದಿನ ಹಿಟ್ಟಿನ ಕೈಯಲ್ಲೇ ಅವನ ಮುಂದೆ ಬಂದು ನಿಂತಳು. "ಆ ಹೆಸರು ಇಟ್ಟವರು ಯಾರು? ನಿಮ್ಮಪ್ಪನ ಹೆಸರು. ನಾ ಹಡದ ಮಗನ್ನ ನಾ ಬಾಯಿ ತುಂಬ ಕರೀಲಾರದಂಗ ಇಟ್ಟವರು ಯಾರು? ಇಪ್ಪತ್ತಮೂರು ವರ್ಷ ನಾ ಕೇಳಿದೆನೇನು?"

"ಅದಕ್ಕ ಅಕ್ಕನ್ನ ಕರಕೊಂಡು ಹೋಗು ಅಂದಿದ್ದೆ."

ರಾಮವ್ವನ ರಾಟಿ ತಿರುಗುತ್ತಲೇ ಇತ್ತು. ತಡೆಯಲಾರದೆ ಲಗಮವ್ವ ಸೊಸೆಯ ಕಡೆ ತಿರುಗಿದಳು. "ನಕ್ಕಳು. ಬೇಲಿಗೆ ನಿಂತು ನಕ್ಕಳು. ಸರಳದನ್ನ ಹೇಳೂದು ಬಿಟ್ಟು ಬಿಗೀದನ್ನ ಹೇಳಿ ನಕ್ಕಳು."

"ಹೌದು ಅತ್ತಿ," ಎಂದಳು ಹನಮವ್ವ. ಅವಳು ಅಳುತ್ತಿರಲಿಲ್ಲ. "ಅವರು ಸೋತಾಗ ನನಗ ಖುಷಿ ಆತು. ಒಳಗ ಯಾರದಾರ ಅನ್ನೂದು ಒಂದು ಗಳಿಗಿ ಮರತಬಿಟ್ಟೆ. ಆಮ್ಯಾಲ ಹೇಳಾಕ ಹೋದೆ. ನೀವು ಬಾಯಿ ಮುಚ್ಚಿದ್ರಿ."

"ನಾ ಅವನ ಜೀವಕ್ಕಂತ ಮುಚ್ಚಿದೆ."

"ಗೊತ್ತೈತಿ. ನಾನೂ ಅದಕ್ಕ ಹೇಳಲಿಲ್ಲ."

ಆ ಜಗಳ ಅಲ್ಲಿಗೆ ನಿಂತಿತು. ರಾಮವ್ವ ಮಾತ್ರ ನೂಲು ಸುತ್ತುತ್ತ, ಯಾರಿಗೆಂದಲ್ಲದೆ, "ನಾ ಒಮ್ಮೆ ಕೂಗಿದ್ರ ಸಾಕಿತ್ತು," ಎಂದಳು. "ಪಟ್ಟಿ ಯಾಕ ಬೇಕಿತ್ತು ನನಗ?"

ಸೂತಕ ಕಳೆದ ಮೇಲೆ ಊರ ಕುಲಕರ್ಣಿ ಸಾವು ಬರೆದುಕೊಳ್ಳಲು ಬಂದ. ಅಂಗಳದಲ್ಲೇ ನಿಂತು, "ಹೆಂಡತಿ ಯಾರು? ಸತ್ತವನ ಹೆಸರು?" ಎಂದು ಕೇಳಿದ. ರಾಮವ್ವ ಬಾಯಿ ತೆರೆಯುವ ಮೊದಲೇ ಹನಮವ್ವ ಹೇಳಿದಳು.

"ಹುಲ್ಲಪ್ಪ. ತಂದಿ ಮುದಕಪ್ಪ."

ಮಾವ ಎದುರಿಗೇ ಕೂತಿದ್ದ. ಎರಡೂ ಹೆಸರು ಜೋಳ, ಉಪ್ಪು ಎಂದಷ್ಟೇ ಸಲೀಸಾಗಿ ಬಂದವು. ಕುಲಕರ್ಣಿ ಬರೆದುಕೊಂಡು ಹೋದ. ಲಗಮವ್ವ ಸೊಸೆಯ ಬಾಯಿಯನ್ನೇ ನೋಡುತ್ತಿದ್ದಳು.

ಮುದಕಪ್ಪನ ಕಾಲಿನ ಹುಳು ಪೂರ್ತಿ ಹೊರಬಂದು ಹುಣ್ಣು ಮಾಗಿತು. ಮತ್ತೆ ಕುಣಿಗೆ ಇಳಿದ. ಹದಿನಾಲ್ಕು ಕಂಬಳಿಯನ್ನೂ ಸರಕಾರದವರು ಸುಟ್ಟಿದ್ದರು, ಮೊದಲಿನಿಂದ ಶುರುಮಾಡಬೇಕಿತ್ತು. ಹನಮವ್ವ ತವರಿಗೆ ಹೋಗುವಳೆಂದು ಓಣಿಯವರು ಮಾತಾಡಿಕೊಂಡರು. ಅಣ್ಣ ಗಾಡಿ ತಂದು ಕರೆದ. ಅವಳು ಉಣ್ಣೆ ಹಿಂಜುವುದು ಬಾಕಿ ಇದೆ ಎಂದಳು. ಅವನು ಮರಳಿ ಹೋದ. ಅವತ್ತು ಸಂಜೆ ಲಗಮವ್ವ ತನ್ನ ತಟ್ಟೆಯ ಪಕ್ಕದಲ್ಲಿ ರಾಮವ್ವನ ತಟ್ಟೆ ಇಟ್ಟಳು. ಮೂವತ್ತು ವರ್ಷ ರಾಮವ್ವ ಎಲ್ಲರೂ ಉಂಡ ಮೇಲೆ ಮೂಲೆಯಲ್ಲಿ ಉಂಡವಳು. ಅವಳು ಏನೂ ಕೇಳದೆ ತಡವರಿಸಿಕೊಂಡು ಬಂದು ಕೂತಳು.

ಮಹಾನವಮಿಗೆ ಇನ್ನೂ ಒಂದು ವಾರ ಇತ್ತು. ಮಧ್ಯಾಹ್ನ ನಾಲ್ವರೂ ಉಣ್ಣಲು ಕೂತಿದ್ದರು. ಬಿಸಿ ರೊಟ್ಟಿ, ಅಗಸಿ ಹಿಂಡಿ, ಉಳ್ಳಾಗಡ್ಡಿ. ಮುದಕಪ್ಪ ರೊಟ್ಟಿಗೆ ಕೈಹಾಕಿದಾಗ ಲಗಮವ್ವ, "ತಡೀರಿ," ಎಂದಳು.

ಸೊಸೆಯ ಕಡೆ ತಿರುಗಿದಳು. "ಅವ ಹೋಗೂ ದಿನ ಹೊಸ್ತಲದಾಗ ನಿನಗೇನೋ ಹೇಳಿದ. ನಗತಿದ್ದ. ಏನದು?"

ಹನಮವ್ವ ತಟ್ಟೆ ಸರಿಸಿದಳು. "ಒಗಟು ರೀ. ಅವರ ಕಟ್ಟಿದ್ದು."

"ಅವ? ಒಗಟು?"

"ಹದಿನೈದು ದಿನ ಹಿಡೀತು ಅಂದ್ರು."

"ಹೇಳು."

"ಹೋಗೂಮುಂದ ಭಾರ, ಬರೂಮುಂದ ಹಗುರ. ಮನ್ಯಾಗ ಇದ್ರ ಮೂಕ, ದಾರ್ಯಾಗ ಮಾತಾಡತೈತಿ."

ಮುದಕಪ್ಪ ತಟ್ಟೆಯಿಂದ ಕೈ ತೆಗೆದ. ಮೂರು ತಿಂಗಳಲ್ಲಿ ಮೊದಲ ಸಲ ಅವನ ಹಣೆಯಲ್ಲಿ ಆ ಗೆರೆ ಬಂತು. "ಕಂಬಳಿ ಗಂಟು."

"ನಾನೂ ಅದನ್ನ ಅಂದೆ. ಗಂಟು ಮಾತಾಡತೈತೇನು ಅಂದ್ರು."

"ಎತ್ತಿನ ಗಾಡಿ," ಎಂದಳು ರಾಮವ್ವ. "ಹೇರಿಕೊಂಡು ಹೋಗತೈತಿ, ಖಾಲಿ ಬರತೈತಿ. ದಾರ್ಯಾಗ ಕಿರಗುಟ್ಟತೈತಿ."

"ನಮ್ಮ ಮನ್ಯಾಗ ಗಾಡಿ ಎಲ್ಲೈತಿ ಅಕ್ಕಾ?" ಎಂದ ಮುದಕಪ್ಪ. "ಮನ್ಯಾಗ ಇದ್ರ ಮೂಕ ಅಂದಾನ. ಮನ್ಯಾಗಿಂದ ಇರಬೇಕು." ಮತ್ತೆ ಯೋಚಿಸಿದ. ಡೊಳ್ಳು ಎಂದ, ಅದು ಹಗುರಾಗುವುದಿಲ್ಲ. ನೀರಿನ ಕೊಡ ಎಂದ, ಅದು ಉಲ್ಟಾ. "ಕಟ್ಟು ಸರಿ ಇಲ್ಲ," ಎಂದ ಕಡೆಗೆ, ದನಿ ತಗ್ಗಿಸಿ. "ಅವನಿಗೆ ಕಟ್ಟಾಕ ಬರತಿದ್ದಿಲ್ಲ. ಉತ್ತರ ಇರಲಿಕ್ಕಿಲ್ಲ."

"ಐತಿ," ಎಂದಳು ಹನಮವ್ವ. "ನಾ ಕೇಳೇನಿ. ಐತಿ ಐತಿ ಅಂದು ಗಾಡಿ ಹತ್ತಿದ್ರು."

ಒಲೆಯಲ್ಲಿ ಒಂದು ಕೊಳ್ಳಿ ಬಿದ್ದು ಸದ್ದಾಯಿತು. ಹನಮವ್ವ ತಟ್ಟೆಯ ಮೇಲೆ ಕೈ ಜೋಡಿಸಿದಂತೆ ಇಟ್ಟುಕೊಂಡಳು. "ಬಾದಾಮಿ ಕೊಟ್ಟೆ," ಎಂದಳು. ಸ್ವಲ್ಪ ತಡೆದು, "ಗುಳೇದಗುಡ್ಡ ಕೊಟ್ಟೆ. ಕಲಾದಗಿ ಕೊಟ್ಟೆ. ಇಳಕಲ್ಲ, ಹುನಗುಂದ, ಎಲ್ಲಾ ಕೊಟ್ಟೆ." ಎರಡು ವರ್ಷ ಗೆದ್ದದ್ದೆಲ್ಲ ಹೋಯಿತು.

"ನನ್ನ ಕಡೆ ಒಂದೂ ಉಳದಿಲ್ಲ," ಎಂದ ಮುದಕಪ್ಪ.

ಲಗಮವ್ವ ಈ ಆಟವನ್ನು ಎಂದೂ ಆಡಿದವಳಲ್ಲ. ಅವಳ ಊರುಗಳೆಲ್ಲ ಅವಳ ಹತ್ತಿರವೇ ಇದ್ದವು. ಅವಳು ಬಾಗಿಲ ಕಡೆ ಮುಖ ಮಾಡಿದಳು.

"ಕೆರೂರ ಕೊಟ್ಟೆ," ಎಂದಳು. ತುಟಿ ಒಮ್ಮೆ ಅಲುಗಿತು. "ಕೆರೂರ ಕೊಟ್ಟೇನಿ, ಹುಲ್ಲಪ್ಪಾ. ಹೇಳು."

ಇರುವ ಊರು ಕೊಡಬಾರದು ಎಂದು ರಾಮವ್ವ ಹೇಳಲಿಲ್ಲ. ನಾಲ್ವರೂ ಕೂತಿದ್ದರು. ಊರು ಕೊಟ್ಟಾಗಿತ್ತು, ಇನ್ನು ಉತ್ತರ ಬರಬೇಕಿತ್ತು. ತಟ್ಟೆಗಳಲ್ಲಿ ರೊಟ್ಟಿ ತಣ್ಣಗಾಗಿ ಅಂಚು ಮುರುಟಿಕೊಂಡವು. ಯಾರೂ ಮುರಿಯಲಿಲ್ಲ.